ಮೂರು ಪವರ್ ಸಪ್ಲೈ ಮಾಡಿ ನೋಡಿದೆ, ನನ್ನ ಓಟು ಟ್ರಾನ್ಸ್‌ಫಾರ್ಮರ್ ಡಬ್ಬಿಗೆ

ಹಳೇ ಕಂಪ್ಯೂಟರಿನ ಎಟಿಎಕ್ಸ್ ಸಪ್ಲೈ ಒಂದು. ಲ್ಯಾಪ್‌ಟಾಪ್ ಅಡಾಪ್ಟರಿಗೆ ಬಕ್ ಮಾಡ್ಯೂಲ್, ಅಂದರೆ ವೋಲ್ಟೇಜ್ ಇಳಿಸುವ ಸಣ್ಣ ಬೋರ್ಡ್, ಜೋಡಿಸಿದ್ದು ಇನ್ನೊಂದು. ಟ್ರಾನ್ಸ್‌ಫಾರ್ಮರ್ ಮತ್ತು ಎಲ್‌ಎಂ317 ಅನ್ನುವ ವೋಲ್ಟೇಜ್ ಕಾಯುವ ಚಿಪ್ ಸೇರಿಸಿ ಕಟ್ಟಿದ್ದು ಮೂರನೆಯದು. ಮೂರನ್ನೂ ಮನೆಯಲ್ಲೇ ಮಾಡಿ, ಮೇಜಿನ ಮೇಲಿಟ್ಟು ಸರ್ಕ್ಯೂಟ್ ಕೆಲಸಕ್ಕೆ ಬಳಸಿದ್ದೇನೆ. ಈಗ ದಿನಾ ಕೈ ಹೋಗುವುದು ಮೂರನೆಯದಕ್ಕೇ. ಅದಕ್ಕೆ ಭಾರ ಜಾಸ್ತಿ, ಬಿಸಿ ಜಾಸ್ತಿ, ಖರ್ಚೂ ಜಾಸ್ತಿ. ಆದರೂ ನನಗೆ ಅದೇ ಬೇಕು. ಯಾಕೆ ಅಂತ ಹೇಳಬೇಕಾದರೆ ಎಟಿಎಕ್ಸ್‌ನಿಂದ ಶುರು ಮಾಡಬೇಕು.

ಎಟಿಎಕ್ಸ್ ಕಡೆಗೆ ಎಲ್ಲರೂ ಹೋಗುವುದು ಸಹಜ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತದೆ. ಹಸಿರು ವೈರನ್ನು ಯಾವುದಾದರೂ ಕಪ್ಪು ವೈರಿಗೆ ಸೇರಿಸಿದರೆ ಸಾಕು, ಫ್ಯಾನ್ ತಿರುಗುತ್ತದೆ. ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3, ನೀಲಿಯಲ್ಲಿ ಮೈನಸ್ 12. ಡಬ್ಬಿಗೆ ಸಾಕೆಟ್ ಕೂರಿಸಿ ವೈರು ಬೆಸೆದರೆ ಒಂದು ಸಂಜೆಯ ಕೆಲಸ.

ಸಣ್ಣ ಕಿರಿಕಿರಿಗಳು ಇವೆ. ಹಳೇ ಸಪ್ಲೈಗಳಲ್ಲಿ ಸಾಮಾನ್ಯವಾಗಿ 5 ಮತ್ತು 12 ವೋಲ್ಟ್ ಎರಡನ್ನೂ ಒಂದೇ ಕಂಟ್ರೋಲರ್ ಒಟ್ಟಿಗೆ ನೋಡಿಕೊಳ್ಳುತ್ತದೆ. 5ರಲ್ಲಿ ಲೋಡ್ ಇಲ್ಲದಿದ್ದರೆ 12 ತನ್ನ ಜಾಗ ಬಿಟ್ಟು ಜಾರುತ್ತದೆ, ಕೆಲವು ಸಲ ಸಪ್ಲೈ ಆನೇ ಆಗುವುದಿಲ್ಲ. ಅದಕ್ಕೆ 5 ವೋಲ್ಟಿಗೆ 10 ಓಂ, 10 ವ್ಯಾಟಿನ ರೆಸಿಸ್ಟರ್ ಕಟ್ಟಬೇಕು. ಅರ್ಧ ಆಂಪ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಕಿತ್ತಳೆ ವೈರಿನ ಪಿನ್ನಿಗೇ ಕಂದು ಬಣ್ಣದ ವೈರೊಂದು ಬರುತ್ತದೆ. ಅದು 3.3 ವೋಲ್ಟನ್ನು ಅಳೆಯುವ ವೈರು. ಬೇಡ ಅಂತ ಕತ್ತರಿಸಬೇಡಿ, ಕಿತ್ತಳೆಗೇ ಸೇರಿಸಿ. ಇನ್ನು ಡಬ್ಬಿ ಬಿಚ್ಚಿದರೆ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇದನ್ನೆಲ್ಲ ಸಹಿಸಬಹುದು. ನಾನು ಸಹಿಸಲಾರದ್ದು ಬೇರೆ.

ರಿಪೇರಿಗೆ ಬಂದ ಒಂದು ಹಳೇ ಬೋರ್ಡಿಗೆ ಎಟಿಎಕ್ಸ್‌ನ 12 ವೋಲ್ಟ್ ಕೊಟ್ಟೆ. ಅದರಲ್ಲಿ ಬೇಳೆ ಕಾಳಿನಷ್ಟು ದೊಡ್ಡ ಟ್ಯಾಂಟಲಮ್ ಕೆಪಾಸಿಟರುಗಳಿದ್ದವು. ಟ್ಯಾಂಟಲಮ್ ಕೆಟ್ಟರೆ ಸಾಮಾನ್ಯವಾಗಿ ಒಳಗೇ ಶಾರ್ಟ್ ಆಗುತ್ತದೆ, ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ಅದರಲ್ಲೊಂದು ಕೆಂಡದ ಹಾಗೆ ಹೊಳೆಯಿತು. ಚಟ್ ಅಂತ ಸದ್ದು, ಘಾಟು ಹೊಗೆ. ಅದರ ಪಕ್ಕದ ತಾಮ್ರದ ಟ್ರ್ಯಾಕ್ ಬೋರ್ಡಿನಿಂದ ಎದ್ದು ಸುರುಳಿಯಾಯಿತು. ಅಷ್ಟೂ ಹೊತ್ತು ಸಪ್ಲೈನ ಫ್ಯಾನ್ ಏನೂ ಆಗದ ಹಾಗೆ ತಿರುಗುತ್ತಿತ್ತು.

ಸಪ್ಲೈ ಯಾಕೆ ನಿಲ್ಲಲಿಲ್ಲ? ಲೇಬಲ್ಲಿನಲ್ಲಿ 12 ವೋಲ್ಟಿಗೆ 16 ಆಂಪ್ ಅಂತ ಬರೆದಿತ್ತು. ಕೆಟ್ಟ ಕೆಪಾಸಿಟರು, ತೆಳು ವೈರು, ಟ್ರ್ಯಾಕು ಎಲ್ಲ ಸೇರಿ ಒಂದು ಓಂ ಅಂತಿಟ್ಟುಕೊಳ್ಳಿ. ಆಗ ಹರಿಯುವುದು 12 ಆಂಪ್. ನಮ್ಮ ಬೋರ್ಡಿಗೆ ಅದು 144 ವ್ಯಾಟಿನ ಬೆಂಕಿ. ಆ ಸಪ್ಲೈಗೆ ಅದು ದಿನದ ಕೆಲಸ. ಅದರ ರಕ್ಷಣೆಯೆಲ್ಲ ಅದನ್ನು ಉಳಿಸಿಕೊಳ್ಳಲಿಕ್ಕೆ ಇರುವುದು, ನಮ್ಮ ಸರ್ಕ್ಯೂಟನ್ನು ಉಳಿಸಲಿಕ್ಕಲ್ಲ.

ಫ್ಯೂಸ್ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಹಾಕಲೇಬೇಕು, ಆಮೇಲೆ ನಾನೂ ಹಾಕಿದೆ. ಆದರೆ 1 ಆಂಪಿನ ಗಾಜಿನ ಫ್ಯೂಸಿನಲ್ಲಿ 2 ಆಂಪ್ ಹರಿದರೆ ಅದು ಕೂಡಲೇ ಹೋಗುವುದಿಲ್ಲ, ಕೆಲವು ಸೆಕೆಂಡ್ ತಡೆದುಕೊಳ್ಳಬಹುದು. ಅಷ್ಟರಲ್ಲಿ ಐಸಿ ಹೋಗಿರುತ್ತದೆ. ತಾನೇ ಸರಿಹೋಗುವ ಪಾಲಿಫ್ಯೂಸ್ ಕೂಡ ನಿಧಾನವೇ. ರಿಪೇರಿ ಮಾಡುವವರಿಗೆ, ಹೊಸ ಸರ್ಕ್ಯೂಟ್ ಮೊದಲ ಸಲ ಆನ್ ಮಾಡುವವರಿಗೆ ಬೇಕಾದದ್ದು ಕರೆಂಟ್ ಲಿಮಿಟ್. ಇಷ್ಟರ ಮೇಲೆ ಒಂದು ಮಿಲಿಆಂಪ್ ಜಾಸ್ತಿ ಕೊಡಲ್ಲ ಅಂತ ಪಟ್ಟು ಹಿಡಿಯುವ ಸಪ್ಲೈ.

ಬಕ್ ಮಾಡ್ಯೂಲ್ ದಾರಿ ಸುಲಭ. 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್, ಎಲ್‌ಎಂ2596 ಇರುವ ಮೂರು ಮಾಡ್ಯೂಲ್, ಒಂದೊಂದನ್ನು 12, 5, 3.3ಕ್ಕೆ ತಿರುಗಿಸಿಟ್ಟರೆ ಮುಗಿಯಿತು. ತಣ್ಣಗಿರುತ್ತದೆ, ಹಗುರ, ಮನೆಯ ಕರೆಂಟಿನ ವೈರನ್ನು ಮುಟ್ಟುವುದೇ ಬೇಡ. ಹೊಸಬರಿಗೆ ಈ ಕೊನೆಯದೊಂದೇ ಸಾಕಷ್ಟು ದೊಡ್ಡ ಕಾರಣ. ನನಗೆ ಹೊಂದಲಿಲ್ಲ. 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಚಿಪ್ಪಿನ ಗಲಾಟೆ ಔಟ್‌ಪುಟ್ಟಿಗೂ ಬರುತ್ತದೆ. ಸೆನ್ಸರ್ ರೀಡಿಂಗಿನ ಕೊನೆಯ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಮೈನಸ್ 12 ಇದರಿಂದ ನೇರವಾಗಿ ಸಿಗುವುದಿಲ್ಲ.

ಕರೆಂಟ್ ಲಿಮಿಟ್ ಇರುವ ಎಕ್ಸ್‌ಎಲ್4015 ಮಾಡ್ಯೂಲನ್ನೂ ತಂದೆ. ನಾನು ತಂದದ್ದರಲ್ಲಿ ಕರೆಂಟ್ ಅಳೆಯುವ ರೆಸಿಸ್ಟರ್ ಮೈನಸ್ ದಾರಿಯಲ್ಲಿತ್ತು. ಒಂದೇ ಅಡಾಪ್ಟರಿನಿಂದ ಎರಡು ಮಾಡ್ಯೂಲ್ ನಡೆಸಿ ಅವುಗಳ ಔಟ್‌ಪುಟ್ ಮೈನಸ್ ಎರಡನ್ನೂ ಸೇರಿಸಿದರೆ ಕರೆಂಟ್ ಪಕ್ಕದ ಮಾಡ್ಯೂಲಿನ ದಾರಿಯಲ್ಲೂ ವಾಪಸ್ ಹೋಗುತ್ತದೆ. ಆಗ ಲಿಮಿಟ್ ಲೆಕ್ಕಕ್ಕೇ ಇಲ್ಲ. ಎರಡು ವೋಲ್ಟೇಜ್ ಬೇಕಾದ ಯಾವ ಸರ್ಕ್ಯೂಟಿನಲ್ಲಾದರೂ ಗ್ರೌಂಡ್ ಒಂದೇ ಆಗಿರಬೇಕಲ್ವಾ?

ಯುಎಸ್‌ಬಿ ಪಿಡಿ ಟ್ರಿಗರ್ ಬೋರ್ಡ್ (ಫೋನ್, ಲ್ಯಾಪ್‌ಟಾಪ್ ಚಾರ್ಜರಿನಿಂದ ಬೇಕಾದ ವೋಲ್ಟೇಜ್ ಕೇಳಿ ಪಡೆಯುವ ಸಣ್ಣ ಬೋರ್ಡ್) ಬಗ್ಗೆ ಒಂದೇ ಮಾತು: 5, 9, 15, 20 ವೋಲ್ಟ್ ಕೊಡುವ ಎಷ್ಟೋ ಚಾರ್ಜರುಗಳು 12 ಕೊಡುವುದಿಲ್ಲ.

ಈಗ ನನ್ನ ಡಬ್ಬಿ. 15-0-15 ಟ್ರಾನ್ಸ್‌ಫಾರ್ಮರ್, ಅಂದರೆ ನಡುವಿನ ವೈರಿನಿಂದ ಎರಡೂ ಕಡೆಗೆ 15 ವೋಲ್ಟ್ ಎಸಿ, 2 ಆಂಪಿನದ್ದು. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಜ್ ಆದ ಮೇಲೆ ಪ್ರತಿ ಬದಿಗೆ 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್. 25 ವೋಲ್ಟಿನದ್ದು ಹಾಕಬೇಡಿ. ಲೋಡ್ ಇಲ್ಲದಾಗ ವೋಲ್ಟೇಜ್ ಅದರ ಹತ್ತಿರಕ್ಕೇ ಏರುತ್ತದೆ.

ಪ್ಲಸ್ ಬದಿಯಲ್ಲಿ ಎರಡು ಎಲ್‌ಎಂ317. ಮೊದಲನೆಯದಕ್ಕೆ ಕರೆಂಟ್ ಕಾಯುವ ಕೆಲಸ. 1.25ನ್ನು ರೆಸಿಸ್ಟರಿನ ಓಂನಿಂದ ಭಾಗಿಸಿದರೆ ಲಿಮಿಟ್ ಸಿಗುತ್ತದೆ: 12 ಓಂಗೆ ಸುಮಾರು 100 ಮಿಲಿಆಂಪ್, 2.7 ಓಂಗೆ 460, 1.2 ಓಂಗೆ 1 ಆಂಪ್. ಇವನ್ನು ರೋಟರಿ ಸ್ವಿಚ್ಚಿಗೆ ಕಟ್ಟಿದ್ದೇನೆ. 1.2 ಓಂನದ್ದು 2 ವ್ಯಾಟಿನದ್ದಾಗಿರಲಿ. ಎರಡನೆಯ 317 ವೋಲ್ಟೇಜ್ ಕಾಯುತ್ತದೆ. ಅದರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲಿನ ನಡುವೆ 240 ಓಂ ಖಾಯಂ. ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ 390 ಓಂ ಹಾಕಿದರೆ 3.3 ವೋಲ್ಟ್, 1.5 ಕೆ (1500 ಓಂ) ಹಾಕಿದರೆ 9 ವೋಲ್ಟ್. ಇವಕ್ಕೂ ಒಂದು ರೋಟರಿ ಸ್ವಿಚ್.

ಈ ವೋಲ್ಟೇಜ್ ಸ್ವಿಚ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಸಾಮಾನ್ಯ ರೋಟರಿ ಸ್ವಿಚ್ ಒಂದು ಜಾಗ ಬಿಟ್ಟು ಮುಂದಿನದಕ್ಕೆ ಹೋಗುವ ನಡುವೆ ಕ್ಷಣ ಹೊತ್ತು ಯಾವುದನ್ನೂ ಹಿಡಿದಿರುವುದಿಲ್ಲ. ಆ ಕ್ಷಣದಲ್ಲಿ 317ರ ಅಡ್ಜಸ್ಟ್ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಔಟ್‌ಪುಟ್ ಪೂರ್ತಿ ಮೇಲಕ್ಕೆ ಹೋಗುತ್ತದೆ. 3.3 ವೋಲ್ಟಿನ ಚಿಪ್ ಉಳಿಯುವುದಿಲ್ಲ. ಒಂದನ್ನು ಬಿಡುವ ಮೊದಲೇ ಮುಂದಿನದನ್ನು ಹಿಡಿಯುವ ಸ್ವಿಚ್ಚೇ ಬೇಕು. ಅಂಗಡಿಯಲ್ಲಿ ಕೇಳಿ ತನ್ನಿ, ಮಲ್ಟಿಮೀಟರಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಮೈನಸ್ ಬದಿಗೆ ಎರಡು ಎಲ್‌ಎಂ337. ಅಲ್ಲಿ ಸ್ವಿಚ್ ಇಲ್ಲ. 12 ವೋಲ್ಟ್, 100 ಮಿಲಿಆಂಪ್, ಅಷ್ಟೇ. ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಚಿಪ್ಪುಗಳಿಗೆ ಅಷ್ಟು ಧಾರಾಳ. 337ರ ಕಾಲುಗಳ ಕ್ರಮ 317ರದ್ದಲ್ಲ. 317ರ ಬೆನ್ನಿನ ಲೋಹ ಔಟ್‌ಪುಟ್ಟಿಗೆ ಸೇರಿದೆ, 337ರದ್ದು ಇನ್‌ಪುಟ್ಟಿಗೆ. ಹಾಗಾಗಿ ನಾಲ್ಕನ್ನೂ ಒಂದೇ ಹೀಟ್ ಸಿಂಕಿಗೆ ಕೂರಿಸುವಾಗ ಒಂದೊಂದಕ್ಕೂ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಲೇಬೇಕು.

ಬಿಸಿಯ ವಿಷಯ ಮುಚ್ಚಿಡುವುದಿಲ್ಲ. 3.3 ವೋಲ್ಟಿನಲ್ಲಿ 460 ಮಿಲಿಆಂಪ್ ಎಳೆದರೆ ಏಳೂವರೆ ವ್ಯಾಟ್ ಹೀಟ್ ಸಿಂಕಿಗೆ ಹೋಗುತ್ತದೆ. 1 ಆಂಪ್ ಎಳೆದರೆ ಅದರ ಎರಡರಷ್ಟು. ನಾನು ಆ ಜಾಗದಲ್ಲಿ 1 ಆಂಪ್ ಎಳೆಯುವುದೇ ಇಲ್ಲ.

ಇದಕ್ಕೆಲ್ಲ ಬೆಲೆ ಬಂದದ್ದು ಅದೇ ಥರದ ಇನ್ನೊಂದು ಬೋರ್ಡ್ ಬಂದಾಗ. 100 ಮಿಲಿಆಂಪಿಗೆ ಇಟ್ಟು ಆನ್ ಮಾಡಿದೆ. 12 ವೋಲ್ಟ್ ಸೀದಾ 0.1ಕ್ಕೆ ಕುಸಿಯಿತು. ಹೊಗೆ ಇಲ್ಲ, ವಾಸನೆ ಇಲ್ಲ. ಹಾಗೇ ಆನ್ ಇಟ್ಟುಕೊಂಡು ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಹಾಕಿ ಒಂದೊಂದೇ ಕೆಪಾಸಿಟರಿನ ಎರಡು ಕಾಲುಗಳ ಮೇಲೆ ಇಡುತ್ತಾ ಹೋದೆ. ಎಲ್ಲಿ ಅತಿ ಕಡಿಮೆ ಬರುತ್ತದೋ ಶಾರ್ಟ್ ಅಲ್ಲೇ. ಆ ಒಂದನ್ನು ತೆಗೆದ ಕೂಡಲೇ 12 ವೋಲ್ಟ್ ವಾಪಸ್ ನಿಂತಿತು. ಎಟಿಎಕ್ಸ್‌ನಲ್ಲಿ ಟ್ರ್ಯಾಕ್ ಸುಟ್ಟುಕೊಂಡ ಕೆಲಸವನ್ನೇ ಇಲ್ಲಿ ನೆಮ್ಮದಿಯಿಂದ ಮಾಡಿ ಮುಗಿಸಬಹುದು.

ನನ್ನ ಕೆಲಸ ಅಂದರೆ ಆಪ್‌ಆಂಪ್ ಸರ್ಕ್ಯೂಟು, ಹಳೇ ರೇಡಿಯೋ ಬೋರ್ಡು, ಸೆನ್ಸರು. 300 ಮಿಲಿಆಂಪ್ ದಾಟುವುದು ಅಪರೂಪ. ಹಾಗಾಗಿ ನನಗೆ ಈ ಡಬ್ಬಿ. ನೀವು ಎಲ್‌ಇಡಿ ಸ್ಟ್ರಿಪ್, ಮೋಟರ್ ಓಡಿಸುವವರಾದರೆ ಎಟಿಎಕ್ಸೇ ಇಟ್ಟುಕೊಳ್ಳಿ, ಪ್ರತಿ ಔಟ್‌ಪುಟ್ಟಿಗೂ ಫ್ಯೂಸ್ ಹಾಕಿ. ಬರೀ 5 ವೋಲ್ಟಿನ ಡಿಜಿಟಲ್ ಕೆಲಸವಾದರೆ ಬಕ್ ಮಾಡ್ಯೂಲ್ ಸಾಕು.

ಟ್ರಾನ್ಸ್‌ಫಾರ್ಮರ್ ದಾರಿ ಹಿಡಿದರೆ ಪ್ರೈಮರಿಗೆ (ಮನೆಯ ಕರೆಂಟ್ ಬರುವ ಬದಿಗೆ) ಫ್ಯೂಸ್, ಲೋಹದ ಡಬ್ಬಿಗೆ ಅರ್ತ್, ಬೆಸೆದ ಪ್ರತಿ ಜಾಗಕ್ಕೂ ಸ್ಲೀವ್, ಈ ಮೂರರಲ್ಲಿ ರಾಜಿ ಬೇಡ. ದುಡ್ಡು ಸಾಲದಿದ್ದರೆ ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್ ಸಿಂಕ್ ಮಾತ್ರ ಒಳ್ಳೆಯದು ತನ್ನಿ. ಸದ್ಯಕ್ಕೆ ಪ್ಲಸ್ ಬದಿಯಷ್ಟೇ ಕಟ್ಟಿ, 12 ಓಂನ ಒಂದೇ ಲಿಮಿಟ್ ಸಾಕು. ರೋಟರಿ ಸ್ವಿಚ್, ಮೀಟರ್, ಮೈನಸ್ ಬದಿ ಎಲ್ಲ ಆಮೇಲೆ ಸೇರಿಸಬಹುದು. ಡಬ್ಬಿಯಲ್ಲಿ ಅದಕ್ಕೆ ಈಗಲೇ ಜಾಗ ಬಿಟ್ಟಿರಿ.