ಆನ್ ಬೊಲಿನ್ ಕಥೆ: ಯಾವುದನ್ನು ನೋಡೋದು?

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಎರಡನೇ ಹೆಂಡತಿ ಆನ್ ಬೊಲಿನ್ ತೆರೆಯ ಮೇಲೆ ಬಂದಿದ್ದಕ್ಕೆ ಲೆಕ್ಕವೇ ಇಲ್ಲ. ಒಂದು ಸಂಜೆಯಷ್ಟೇ ಬಿಡುವಿದ್ದರೆ 1969ರ ಸಿನಿಮಾ 'ಆನ್ ಆಫ್ ದ ಥೌಸಂಡ್ ಡೇಸ್' ನೋಡಿ. ಜೆನೆವಿಯೆವ್ ಬುಜೋಲ್ಡ್, ರಿಚರ್ಡ್ ಬರ್ಟನ್ ಜಗಳವೇ ಒಂದು ಮಜಾ. ಆದರೆ ಕೊನೆಯಲ್ಲಿ ಹೆನ್ರಿ ಸೆರೆಮನೆಗೆ ಬಂದು ಅವಳನ್ನು ಮಾತಾಡಿಸುತ್ತಾನಲ್ಲ, ಅದು ಬರೀ ಕಟ್ಟುಕಥೆ. 1536ರ ಮೇ 1ರಂದು ಗ್ರೀನಿಚ್‌ನ ಕುದುರೆ ಕಾಳಗದ ಪಂದ್ಯದ ನಡುವೆ ಎದ್ದು ಹೋದವನು ಮತ್ತೆ ಅವಳ ಮುಖ ನೋಡಲೇ ಇಲ್ಲ. ಮೇ 19ಕ್ಕೆ ಲಂಡನ್ ಟವರ್‌ನಲ್ಲಿ ಅವಳ ತಲೆ ಕಡಿದರು. ಅದಕ್ಕೆಂದೇ ಕಡಲಾಚೆಯಿಂದ ಕತ್ತಿ ಬೀಸುವವನನ್ನು ಕರೆಸಿದ್ದರು.

2007ರ ಟಿವಿ ಸರಣಿ 'ದ ಟ್ಯೂಡರ್ಸ್'ನಲ್ಲಿ ಮಸಾಲೆ ಜಾಸ್ತಿ. ಹೆನ್ರಿಯ ಅಕ್ಕ, ತಂಗಿ ಇಬ್ಬರನ್ನೂ ಸೇರಿಸಿ ಒಬ್ಬಳೇ ಮಾಡಿಬಿಟ್ಟಿದ್ದಾರೆ! ಆದರೂ ಆನ್ ಪಾತ್ರದ ನಟಾಲಿ ಡಾರ್ಮರ್‌ಗಾಗಿ ಮೊದಲ ಎರಡು ಸೀಸನ್ ನೋಡಬಹುದು.

ನನ್ನ ಓಟು 2015ರ 'ವುಲ್ಫ್ ಹಾಲ್'ಗೆ. ಆರೇ ಕಂತು. ಕ್ಲೇರ್ ಫಾಯ್‌ಳ ಆನ್ ಚುರುಕು, ಸಿಡುಕು, ಒಳಗೊಳಗೇ ಭಯ. ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನನ್ನು ಫ್ರೆಂಚ್ ಧಾಟಿಯಲ್ಲಿ 'ಕ್ರೆಮುಎಲ್' ಅಂತಾಳೆ. ಫ್ರಾನ್ಸ್ ಆಸ್ಥಾನದಲ್ಲಿ ಬೆಳೆದವಳು, ಆ ಜಂಬ ಇರಬೇಕಾದ್ದೇ ಅಲ್ವಾ? ಒಂದೇ ತೊಡಕು: ಇದು ಕ್ರಾಮ್‌ವೆಲ್ ಕಣ್ಣಿಂದ ಕಂಡ ಕಥೆ. ಹಿನ್ನೆಲೆ ಗೊತ್ತಿಲ್ಲದಿದ್ದರೆ ಮೊದಲ ಕಂತಲ್ಲೇ ತಲೆ ಗಿರ್ ಅನ್ನುತ್ತೆ.