ಮೆಣಸಿನ ಸಸಿಮಡಿಗೆ ಶೇ 50ರ ನೆರಳು ಪರದೆ: ಒಂದು ಬೇಸಿಗೆಯ ಬಳಕೆಯ ನಂತರ

ರಾಯಚೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಮೆಣಸಿನ ಸಸಿಮಡಿಯ ಮೇಲೆ ಕಟ್ಟಿದ ಶೇ 50ರ (ಅಂದರೆ ಅರ್ಧದಷ್ಟು ಬೆಳಕನ್ನು ತಡೆಯುವ) ಹಸಿರು ನೆರಳು ಪರದೆಯು, 40 ಡಿಗ್ರಿ ದಾಟುವ ಮೇ ತಿಂಗಳ ಬಿಸಿಲಿನಲ್ಲಿಯೂ ಸಸಿಗಳನ್ನು ಚೆನ್ನಾಗಿ ಕಾಪಾಡಿದೆ. ನೆರಳು ಹೆಚ್ಚಿದಷ್ಟೂ ಒಳ್ಳೆಯದೆಂದು ಶೇ 75ರ ಪರದೆಯನ್ನು ಕೊಳ್ಳಲು ಒತ್ತಾಯಿಸುವ ಅಂಗಡಿಯವರ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಮೆಣಸಿನಂತಹ ಗಿಡದ ಎಲೆಯು ನಡುಹಗಲಿನ ಪೂರ್ಣ ಬೆಳಕನ್ನು ಬಳಸಿಕೊಳ್ಳಲಾರದು. ಸುಮಾರು ಅರ್ಧದಷ್ಟು ಬೆಳಕಿಗೇ ಅದರ ದ್ಯುತಿಸಂಶ್ಲೇಷಣೆ (ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆ) ಹೆಚ್ಚುಕಡಿಮೆ ಗರಿಷ್ಠ ಮಟ್ಟ ತಲುಪಿರುತ್ತದೆ. ಮಿಕ್ಕ ಶಕ್ತಿಯು, ಎಲೆಯಲ್ಲಿ ಬೆಳಕನ್ನು ಹಿಡಿದು ಬಳಸುವ ದ್ಯುತಿವ್ಯವಸ್ಥೆ 2 ಎಂಬ ಘಟಕದಲ್ಲಿರುವ, ಸುಲಭವಾಗಿ ಹಾಳಾಗುವ ಡಿ1 ಪ್ರೋಟೀನನ್ನು ಹಾಳುಮಾಡದಂತೆ, ವಯೋಲಾಕ್ಸಾಂಥಿನ್ ಎಂಬ ವರ್ಣದ್ರವ್ಯವು ಝಿಯಾಕ್ಸಾಂಥಿನ್ ಆಗಿ ಮಾರ್ಪಟ್ಟು, ಪಿಎಸ್‌ಬಿಎಸ್ ಎಂಬ ಇನ್ನೊಂದು ಪ್ರೋಟೀನಿನೊಂದಿಗೆ ಸೇರಿ ಆ ಮಿಕ್ಕ ಶಕ್ತಿಯನ್ನು ಶಾಖವಾಗಿ ಹೊರಹಾಕಲು ನೆರವಾಗುತ್ತದೆ. ಮೋಡ ಅಡ್ಡ ಬಂದಾಗಲೂ ಈ ರಕ್ಷಣೆ ನಿಧಾನವಾಗಿಯೇ ಸಡಿಲಗೊಳ್ಳುವುದರಿಂದ ಬಳಕೆಯಾಗಬೇಕಿದ್ದ ಬೆಳಕೂ ವ್ಯರ್ಥವಾಗುತ್ತದೆ. ಅಮೆರಿಕದ ಇಲಿನಾಯ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆ ಸಡಿಲಿಕೆಯನ್ನು ಚುರುಕುಗೊಳಿಸಿ, ಹೊಲದಲ್ಲಿ ಬೆಳೆದ ತಂಬಾಕಿನ ಗಿಡಗಳ ತೂಕ ಸುಮಾರು ಶೇ 15ರಷ್ಟು ಹೆಚ್ಚಿದುದನ್ನು 2016ರಲ್ಲಿ ಪ್ರಕಟಿಸಿದರು. ಅಂತಹ ಮೆಣಸಿನ ಬೀಜ ನಮ್ಮ ಪೇಟೆಯಲ್ಲಿಲ್ಲವಾದ್ದರಿಂದ ಸದ್ಯ ನಮಗೆ ಪರದೆಯೇ ಆಧಾರ.

ಶೇ 50ರ ಪರದೆಯ ಕೆಳಗೆ ಸಸಿಯ ಕಾಂಡ ಗಟ್ಟಿಯಾಗಿ, ಎಲೆ ಹಸಿರಾಗಿ ಬಂದಿತು. ಪಕ್ಕದ ಹೊಲದವರ ಶೇ 75ರ ಪರದೆಯ ಕೆಳಗೆ ಸಸಿಗಳು ಬೆಳಕನ್ನು ಅರಸುತ್ತ ನೀಳವಾಗಿ ಬೆಳೆದು ಬಾಗಿದವು. ಮುಂಜಾನೆ ಮತ್ತು ಸಂಜೆ ಬೆಳಕು ಮೊದಲೇ ಕಡಿಮೆ ಇರುವುದರಿಂದ, ಪರದೆಯನ್ನು ಸುತ್ತಿ ಮೇಲೆತ್ತುವ ಏರ್ಪಾಡಿರಲೇಬೇಕು. ನಾಟಿಗೆ ಮೊದಲಿನ ವಾರದಲ್ಲಿ ದಿನದಿನಕ್ಕೆ ಹೆಚ್ಚು ಹೊತ್ತು ಅದನ್ನು ತೆರೆದಿಡುವುದು ಇನ್ನೂ ಮುಖ್ಯ. ನೆರಳಲ್ಲಿ ಬೆಳೆದ ಎಲೆ ತೆಳ್ಳಗಿದ್ದು, ಅದರಲ್ಲಿ ಆ ರಕ್ಷಕ ವರ್ಣದ್ರವ್ಯಗಳ ಸಂಗ್ರಹವೂ ಕಡಿಮೆಯಿರುವುದರಿಂದ, ಅಂಥ ಸಸಿಯನ್ನು ಒಮ್ಮೆಲೇ ಬಯಲಿಗೆ ನೆಟ್ಟರೆ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ.

ಪರದೆಯ ಹೆಣಿಗೆ ಒಂದೇ ಸಮನಾಗಿದೆ, ಬಣ್ಣವೂ ಮಾಸಿಲ್ಲ. ಅಂಚು ಮಾತ್ರ ದುರ್ಬಲವಾಗಿದ್ದು, ಬಿರುಗಾಳಿಗೆ ಕಂಬದ ಬಳಿ ಹರಿದಿದೆ. ಕೊಳ್ಳುವಾಗ ಅಂಚಿಗೆ ಪಟ್ಟಿ ಹೊಲಿದು ಲೋಹದ ಉಂಗುರ ಹಾಕಿದ ಪರದೆಯನ್ನೇ ಕೇಳಿ ಪಡೆಯಬೇಕು. ಬೆಲೆ ತುಸು ಹೆಚ್ಚಾದರೂ ಅದೇ ಬಾಳಿಕೆಯದು.