‘ತೊಂಬತ್ತು ಪರ್ಸೆಂಟ್ ಮುಗಿದಿದೆ ಸಾರ್’ ಅಂದ ಫಿಯಟ್ಟು

ಹಳೇ ಕಾರಿನ ಅರ್ಧ ಮುಗಿದ ಪ್ರಾಜೆಕ್ಟ್ ಕೊಳ್ಳೋಕೆ ಹೊರಟವರು ಎರಡು ನಿಮಿಷ ಇದನ್ನ ಓದಿ. ನಾನು ಕೊಂಡಿದ್ದು 1968ರ ಫಿಯಟ್ 1100 ಡಿಲೈಟ್. ಮುಂದೆ ಪದ್ಮಿನಿ ಅನ್ನಿಸಿಕೊಂಡಿತಲ್ಲ, ಅದೇ ಬಾಡಿ. ಮಾರಿದವನು ಅದಕ್ಕೆ ಹಿಂದೂಸ್ತಾನ್ ಮೋಟಾರ್ಸ್‌ನವರ ದೊಡ್ಡ ಕಾರು ಕಾಂಟೆಸ್ಸಾದ ಇಸುಜು ಎಂಜಿನ್ ಕೂರಿಸಿದ್ದ. "ತೊಂಬತ್ತು ಪರ್ಸೆಂಟ್ ಮುಗಿದಿದೆ ಸಾರ್, ಬರೀ ವೈರಿಂಗ್ ಬಾಕಿ" ಅಂದ. ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ತೋರಿಸಿದ. ಆ ಸದ್ದಿಗೆ ಮರುಳಾದೆ.

ಡಿಲೈಟಿನ ಸ್ವಂತ ಎಂಜಿನ್ 1089 ಸಿಸಿ, ಶಕ್ತಿ 40 ಕುದುರೆಯ ಆಸುಪಾಸು. ಇಸುಜು 1817 ಸಿಸಿ, ಶಕ್ತಿ ಸುಮಾರು ಎರಡರಷ್ಟು. ಬ್ರೇಕು ಮಾತ್ರ ನಾಲ್ಕು ಚಕ್ರಕ್ಕೂ ಆ ಕಾಲದ ಡ್ರಮ್ಮೇ.

ಮನೆಗೆ ತಂದು ಕಾರ್ಪೆಟ್ ಎತ್ತಿದಾಗ ಎದೆ ಧಸಕ್ ಅಂತು. ಈ ಕಾರಿಗೆ ಬೇರೆ ಛಾಸಿಸ್ ಅಂತ ಇಲ್ಲ, ಬಾಡಿಯೇ ಬೆನ್ನೆಲುಬು. ಐದು ಗೇರಿನ ಪೆಟ್ಟಿಗೆ ತೂರಿಸೋಕೆ ಆ ಬೆನ್ನೆಲುಬನ್ನೇ ಗ್ಯಾಸ್ ಕಟರ್‌ನಲ್ಲಿ ಕೊರೆದಿದ್ದ. ಅಂಚು ಉಜ್ಜಿರಲಿಲ್ಲ, ಬೆರಳು ಕುಯ್ಯಿತು. ಮೂಲದಲ್ಲಿ ಗೇರ್ ಇದ್ದದ್ದು ಸ್ಟಿಯರಿಂಗ್ ಪಕ್ಕ, ಈಗ ನೆಲದಿಂದ ಎದ್ದಿದೆ. ಎರಡನೇ ಗೇರಿಗೆ ಹಾಕಿದರೆ ಲಿವರ್ ಹೋಗಿ ಬೆಂಚ್ ಸೀಟಿಗೆ ಬಡಿಯುತ್ತೆ. ಕ್ಲಚ್ ಒತ್ತಿದರೆ ಶೂ ತುದಿ ಬೆಲ್ ಹೌಸಿಂಗ್‌ಗೆ, ಅಂದರೆ ಕ್ಲಚ್ಚಿನ ಲೋಹದ ಕವಚಕ್ಕೆ, ಸಿಕ್ಕಿಕೊಳ್ಳುತ್ತೆ. ಸ್ಟಿಯರಿಂಗ್ ರಾಡಿಗೆ ದಾರಿ ಬಿಡೋಕೆ ಎಂಜಿನ್ ತಳದ ಎಣ್ಣೆ ತಟ್ಟೆ, ಆಯಿಲ್ ಸಂಪನ್ನು ಕತ್ತರಿಸಿ ಬೆಸೆದಿದ್ದ, ಆ ಬೆಸುಗೆಯಿಂದ ರಾತ್ರಿಯೆಲ್ಲ ತೊಟ್ಟು ತೊಟ್ಟು. ಎಂಜಿನ್ ತಣ್ಣಗಿಡೋ ರೇಡಿಯೇಟರ್‌ಗಂತೂ ಜಾಗವೇ ಉಳಿದಿರಲಿಲ್ಲ. ಶೆಡ್ಡಿನಲ್ಲಿ ಅವನು ಎರಡೇ ನಿಮಿಷ ಓಡಿಸಿ ಆಫ್ ಮಾಡಿದ್ದು ಯಾಕೆ ಅಂತ ಆಗ ಹೊಳೆಯಿತು. ಉಳಿದಿದೆ ಅಂದ ಹತ್ತು ಪರ್ಸೆಂಟಿನಲ್ಲಿ ಅವನ ಕೈಲಾಗದ ಕೆಲಸವೆಲ್ಲ ಇತ್ತು.

ಇಷ್ಟನ್ನೂ ದುಡ್ಡು ಸುರಿದು ಸರಿ ಮಾಡಿಸಬಹುದಿತ್ತೇನೋ. ಕಾಗದದ್ದೇ ದೊಡ್ಡ ತಲೆನೋವು. ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ನನ್ನ ಆರ್‌ಸಿಯಲ್ಲಿ ಇರೋದು ಹಳೇ ಎಂಜಿನ್ನಿನ ನಂಬರ್. ಇಸುಜು ಎಲ್ಲಿಂದ ಬಂತು ಅನ್ನೋದಕ್ಕೆ ಗುಜರಿಯವನ ಚೀಟಿಯೂ ಇಲ್ಲ. ಹೋಗಲಿ, ವಿಂಟೇಜ್ ಅಂತಲಾದರೂ ನೋಂದಾಯಿಸೋಣ ಅಂದರೆ, 2021ರ ನಿಯಮ ಬೇರೆ ಇದೆ: ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರ ಇರೋ ವಿಂಟೇಜ್ ನಂಬರ್ ಸಿಗುತ್ತೆ, ಆದರೆ ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ವಯಸ್ಸಿನಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು.

ಮೂಲ ಎಂಜಿನ್ ಏನಾಯ್ತು ಅಂತ ಮಾರಿದವನಿಗೆ ಫೋನ್ ಮಾಡಿ ಕೇಳಿದೆ. "ತೂಕಕ್ಕೆ ಹಾಕಿಬಿಟ್ಟೆ ಸಾರ್" ಅಂದ, ಹಳೇ ಪೇಪರ್ ಮಾರಿದಷ್ಟೇ ಸಲೀಸಾಗಿ.

ನೋಡೋಕೆ ಹೋದಾಗ ಟಾರ್ಚ್ ಒಯ್ಯಿರಿ. ಆರ್‌ಸಿ ಕೈಯಲ್ಲಿ ಹಿಡಿದು ಎಂಜಿನ್ ಬ್ಲಾಕಿನ ಮೇಲಿರೋ ನಂಬರ್ ನೀವೇ ಓದಿ. ಕಾರ್ಪೆಟ್ ಎತ್ತಿಸಿ. ಅರ್ಧ ಗಂಟೆ ಎಂಜಿನ್ ಓಡಲಿ, ಟೆಂಪರೇಚರ್ ಮುಳ್ಳು ನೋಡ್ತಾ ನಿಲ್ಲಿ. ಮೂಲ ಎಂಜಿನ್ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದರೂ ಸರಿ, ಅದನ್ನೂ ಸೇರಿಸಿಯೇ ವ್ಯಾಪಾರ ಮಾಡಿ.

ನನ್ನ ಡಿಲೈಟ್ ಟಾರ್ಪಾಲಿನ ಕೆಳಗಿದೆ. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ 1089ರ ಬ್ಲಾಕ್ ವಿಚಾರಿಸ್ತಾ ಇದ್ದೀನಿ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ.